ಆ ಗಾಜಿನ ಪ್ಲೇಟುಗಳನ್ನು ನೋಡಿದಿರಾ?

ಆತ್ಮೀಯರೇ,

‘ವಿಜ್ಞಾನವನ್ನು ಏಕೆ ನಂಬಬೇಕು?’ ಎಂಬ ನಿಮ್ಮ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತ ಎಡವಿಲ್ಲ, ವಿಜ್ಞಾನದ ತತ್ತ್ವಶಾಸ್ತ್ರವನ್ನು ಕನ್ನಡದಲ್ಲಿ ಬರೆಯಲು ಮನಸ್ಸು ಮಾಡಿದ್ದೀರಿ. ಮೂರಕ್ಕೂ ಅಭಿನಂದನೆ. ಆದರೆ ಎರಡನೆಯ ಪುಟದಲ್ಲಿ ನನಗೆ ಸಿಟ್ಟು ಬಂತು. ಸಿಟ್ಟು ಬರಿಸದ ಲೇಖನಗಳಿಗೆ ‘ಸ್ಥಳಾಭಾವದಿಂದ’ ಎಂದು ಒಂದು ಸಾಲು ಬರೆದು ಮುಗಿಸುತ್ತೇನೆ. ನಿಮಗೆ ಇಷ್ಟುದ್ದದ ಪತ್ರ.

ನಿಮ್ಮ ಸಾಲು ಇದು: ‘1919ರ ಮೇ 29ರ ಸೂರ್ಯಗ್ರಹಣದಲ್ಲಿ ಎಡಿಂಗ್ಟನ್ ಅಳತೆ ಮಾಡಿದರು, ಐನ್‌ಸ್ಟೈನ್ ಗೆದ್ದರು, ನ್ಯೂಟನ್ ಸೋತರು.’ ಕುಸ್ತಿಯ ಫಲಿತಾಂಶವನ್ನು ಬರೆಯುವುದೂ ಹೀಗೆಯೇ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಎಡಿಂಗ್ಟನ್ ಅಳೆದದ್ದು ಏನನ್ನು? ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು 1.75 ಕೋನ ಸೆಕೆಂಡಿನಷ್ಟು (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಕೋನ ಸೆಕೆಂಡು) ಬಾಗುತ್ತದೆ ಎಂದು ಐನ್‌ಸ್ಟೈನ್ ಲೆಕ್ಕ ಹಾಕಿದ್ದರು. ನ್ಯೂಟನ್ ದಾರಿಯ ಲೆಕ್ಕ ಅದರ ಅರ್ಧ, 0.87. ಗ್ರಹಣದಲ್ಲಿ ಬಳಸಿದ ದೊಡ್ಡ ದೂರದರ್ಶಕದ ಪ್ಲೇಟಿನ, ಅಂದರೆ ನಕ್ಷತ್ರಗಳ ಚಿತ್ರ ಮೂಡುವ ಗಾಜಿನ ಫಲಕದ, ಮೇಲೆ ಒಂದು ಕೋನ ಸೆಕೆಂಡು ಎಂದರೆ ಒಂದು ಮಿಲಿಮೀಟರನ್ನು ಅರವತ್ತು ಪಾಲು ಮಾಡಿದರೆ ಬರುವ ಒಂದು ಪಾಲು. ಇದನ್ನು ಬರೆಯದೆ ‘ಅಳತೆ ಮಾಡಿದರು’ ಎಂದರೆ ಓದುಗ ಸ್ಕೇಲು ಹಿಡಿದು ನಿಂತ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತಾನೆ.

ಇನ್ನೊಂದು ವಿಷಯ. ಎಡಿಂಗ್ಟನ್ ಇದ್ದದ್ದು ಆಫ್ರಿಕಾದ ಪಶ್ಚಿಮಕ್ಕಿರುವ ಪ್ರಿನ್ಸಿಪೆ ದ್ವೀಪದಲ್ಲಿ, ಮೋಡದ ಕೆಳಗೆ. ಒಳ್ಳೆಯ ಪ್ಲೇಟುಗಳು ಸಿಕ್ಕಿದ್ದು ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿ ಕ್ರೊಮೆಲಿನ್ ಮತ್ತು ಡೇವಿಡ್‌ಸನ್ ಅವರಿಗೆ. ಅವರ ಹೆಸರು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ಸೊಬ್ರಾಲ್‌ನ ಚಿಕ್ಕ ದೂರದರ್ಶಕ 1.98 ಕೊಟ್ಟಿತು, ಪ್ರಿನ್ಸಿಪೆ 1.61 ಕೊಟ್ಟಿತು. ಸೊಬ್ರಾಲ್‌ನ ದೊಡ್ಡ ದೂರದರ್ಶಕ ಕೊಟ್ಟದ್ದು 0.93, ಅಂದರೆ ನ್ಯೂಟನ್‌ಗೆ ಹತ್ತಿರ. ಅದನ್ನು ಕೈಬಿಟ್ಟರು.

ನಿಮ್ಮ ಮುಂದಿನ ಸಾಲು: ‘ಪಾಪ್ಪರ್ ಪ್ರಕಾರ ಒಂದೇ ಒಂದು ವಿರುದ್ಧ ಸಾಕ್ಷ್ಯ ಸಿದ್ಧಾಂತವನ್ನು ಕೊಲ್ಲುತ್ತದೆ.’ ಹಾಗಿದ್ದರೆ ಆ 0.93 ಐನ್‌ಸ್ಟೈನ್‌ರನ್ನು ಅಂದೇ ಮುಗಿಸಬೇಕಿತ್ತಲ್ಲ! ವಿಜ್ಞಾನದ ತತ್ತ್ವಶಾಸ್ತ್ರಜ್ಞ ಕಾರ್ಲ್ ಪಾಪ್ಪರ್ ಅಷ್ಟು ದಡ್ಡರಲ್ಲ. ಒಂಟಿ ಘಟನೆ ಸಾಲದು, ಮತ್ತೆ ಮಾಡಿದರೂ ಕಾಣಿಸುವ ಪರಿಣಾಮ ಬೇಕು ಎಂದು 1934ರ ಮೊದಲ ಪುಸ್ತಕದಲ್ಲಿಯೇ ಅವರು ಹೇಳಿದ್ದಾರೆ. ನೀವು ಉಲ್ಲೇಖಿಸಿರುವುದು ಪಾಪ್ಪರ್‌ರನ್ನಲ್ಲ, ಯಾವುದೋ ಗೈಡ್ ಪುಸ್ತಕದ ಪಾಪ್ಪರ್‌ರನ್ನು.

ಇಷ್ಟಾದ ಮೇಲೆ ನೀವು ಏಕಾಏಕಿ ಎದುರು ದಡಕ್ಕೆ ಜಿಗಿದಿದ್ದೀರಿ. ‘ಎಡಿಂಗ್ಟನ್ ತಮಗೆ ಬೇಡದ ಅಂಕಿಗಳನ್ನು ಮುಚ್ಚಿಟ್ಟರು ಎಂದು ಕೆಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.’ ಈ ‘ಕೆಲವು ವಿದ್ವಾಂಸರು’ ಯಾರು? ಪಿಎಚ್‌.ಡಿ. ಪ್ರಬಂಧಗಳಲ್ಲಿ ಇವರನ್ನು ಬಹಳ ಕಾಲದಿಂದ ಸಾಕಿ ಸಲಹಿದ್ದೇವೆ. ಪತ್ರಿಕೆಯಲ್ಲಿ ಇವರಿಗೆ ಜಾಗವಿಲ್ಲ. 1980ರಲ್ಲಿ ಇಂಥ ಅನುಮಾನವನ್ನು ಗಟ್ಟಿಯಾಗಿ ಎತ್ತಿದವರು ಜಾನ್ ಇಯರ್ಮನ್ ಮತ್ತು ಕ್ಲಾರ್ಕ್ ಗ್ಲಿಮೋರ್, ಇಬ್ಬರೂ ತತ್ತ್ವಶಾಸ್ತ್ರಜ್ಞರು. ಅದಕ್ಕೆ ಉತ್ತರ ಹೇಳಿದವರು ಭೌತವಿಜ್ಞಾನಿ ಡೇನಿಯಲ್ ಕೆನೆಫಿಕ್: ಸೊಬ್ರಾಲ್‌ನ ದೊಡ್ಡ ದೂರದರ್ಶಕದ ಪ್ಲೇಟುಗಳನ್ನು ಕೈಬಿಡುವ ತೀರ್ಮಾನ ಎಡಿಂಗ್ಟನ್‌ರದಲ್ಲ, ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಫ್ರ್ಯಾಂಕ್ ಡೈಸನ್‌ರದು ಎಂದು. ಮುಚ್ಚಿಟ್ಟರೆಂಬ ಮಾತೂ ನಿಲ್ಲುವುದಿಲ್ಲ. ಆ 0.93 ಡೈಸನ್, ಎಡಿಂಗ್ಟನ್, ಡೇವಿಡ್‌ಸನ್ ಸೇರಿ ಬರೆದ 1920ರ ವರದಿಯಲ್ಲಿಯೇ ಅಚ್ಚಾಗಿದೆ.

ಅದೇ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಒಂದು ಟಿಪ್ಪಣಿ ಇದೆ. ಗ್ರಹಣದ ಮರುದಿನ, ಮೇ 30ರ ನಸುಕಿನ ಮೂರು ಗಂಟೆಗೆ, ಸೊಬ್ರಾಲ್‌ನ ದೊಡ್ಡ ದೂರದರ್ಶಕದ ನಾಲ್ಕು ಪ್ಲೇಟುಗಳನ್ನು ತೊಳೆದು, ಒಣಗಿದ ಮೇಲೆ ನೋಡಿದರು. ಫೋಕಸ್ ಕೆಟ್ಟು ನಕ್ಷತ್ರಗಳು ಮಸುಕಾಗಿದ್ದವು. ಅಳತೆ ಆರಂಭವಾಗುವ ಮೊದಲೇ, ಅಂಕಿ ಯಾರ ಪರವಾಗಿ ಬರುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲದಾಗಲೇ, ಪ್ಲೇಟು ಕೆಟ್ಟಿದೆ ಎಂಬುದು ಗೊತ್ತಾಗಿತ್ತು. ಬೇಡವಾದ ಅಂಕಿಯನ್ನು ಕೈಬಿಡುವುದಕ್ಕೂ ಕೆಟ್ಟ ಅಂಕಿಯನ್ನು ಕೈಬಿಡುವುದಕ್ಕೂ ಇರುವ ವ್ಯತ್ಯಾಸವನ್ನು ಹೊರಗಿನವರು ಹೇಗೆ ಗುರುತಿಸಬೇಕು? ನಿಮ್ಮ ಲೇಖನ ಕೇಳಬೇಕಿದ್ದ ಪ್ರಶ್ನೆ ಇದು. 1979ರಲ್ಲಿ ರಾಯಲ್ ಗ್ರೀನಿಚ್ ವೀಕ್ಷಣಾಲಯ ಅದೇ ಮಸುಕು ಪ್ಲೇಟುಗಳನ್ನು ಹೊಸ ಯಂತ್ರದಲ್ಲಿ ಮತ್ತೆ ಅಳೆಸಿತು, 1.55 ಬಂತು, ಅಂದರೆ ಈ ಸಲ ಐನ್‌ಸ್ಟೈನ್‌ಗೆ ಹತ್ತಿರ.

ನಾನು ಪತ್ರಿಕೆ ಸೇರಿದ ಹೊಸತರಲ್ಲಿ ನನ್ನ ಪಾಲಿಗೆ ಬಂದದ್ದು ದಿನದ ಮಳೆ ಸುದ್ದಿ. ನಾಲ್ಕು ಸಾಲು, ಒಂದು ಅಂಕಿ. ನಮ್ಮ ಮುಖ್ಯ ಉಪಸಂಪಾದಕರು ಒಂದು ಸಂಜೆ, ‘ಈ ಮಿಲಿಮೀಟರು ಯಾರು ಓದಿದ್ದಯ್ಯಾ?’ ಎಂದರು. ಹವಾಮಾನ ಕಚೇರಿ ಎಂದೆ. ‘ಕಚೇರಿಗೆ ಕಣ್ಣಿದೆಯೇ?’ ಎಂದು ಮರುದಿನ ಬೆಳಿಗ್ಗೆ ಎಂಟೂವರೆಗೆ ಅಲ್ಲಿಗೇ ಅಟ್ಟಿದರು. ಒಬ್ಬ ನೌಕರ ಮಳೆಮಾಪಕದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ತಂದು ಓದಿ, ಪುಸ್ತಕದಲ್ಲಿ ಬರೆದು, ಮತ್ತೊಮ್ಮೆ ಓದಿ, ಆಮೇಲಷ್ಟೇ ನೀರು ಚೆಲ್ಲಿದ. ಮಳೆ ಸುದ್ದಿ ಮರುದಿನವೂ ಅದೇ ನಾಲ್ಕು ಸಾಲು. ನೋಡಿಬಂದದ್ದನ್ನು ಬರೆ ಎಂದು ಅವರು ಹೇಳಲಿಲ್ಲ. ನೋಡದೆ ಬರೆಯುವುದು ಮಾತ್ರ ಅವರಿಗೆ ಆಗುತ್ತಿರಲಿಲ್ಲ, ನನಗೂ ಆ ರೋಗ ಅಂಟಿತು.

ಇದೇ ರೋಗ ನಿಮ್ಮ ಕೊನೆಯ ಪುಟದ ಮೇಲೂ ಎರಗುತ್ತದೆ. ‘ಮನೋವಿಜ್ಞಾನದ ಬಹುಪಾಲು ಸಂಶೋಧನೆ ಸುಳ್ಳೆಂದು 2015ರಲ್ಲಿ ಸಾಬೀತಾಯಿತು.’ ಮತ್ತೆ ಅದೇ ಒಂದೇಟಿನ ಸಾವು. ಅಂದು ನಡೆದದ್ದು 100 ಪ್ರಯೋಗಗಳ ಮರುಪ್ರಯೋಗ. ಮೂಲದಲ್ಲಿ ಶೇ 97ರಷ್ಟು ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದವು; ಮರುಪ್ರಯೋಗದಲ್ಲಿ ಶೇ 36 ಮಾತ್ರ. ಉಳಿದವು ಸುಳ್ಳೇ, ಮೂಲ ಪ್ರಯೋಗ ಹದಗೆಟ್ಟಿತ್ತೇ, ಮರುಪ್ರಯೋಗವೇ ಹದಗೆಟ್ಟಿತೇ? ಈ ಪ್ರಶ್ನೆಗಳ ಮೇಲೆ ತತ್ತ್ವಶಾಸ್ತ್ರಜ್ಞರು ಇಂದಿಗೂ ಕಚ್ಚಾಡುತ್ತಿದ್ದಾರೆ. ಪ್ರಯೋಗಕ್ಕೆ ಮೊದಲೇ ಊಹೆಯನ್ನೂ ಲೆಕ್ಕದ ವಿಧಾನವನ್ನೂ ನೋಂದಾಯಿಸಿಡುವ ಪದ್ಧತಿ ಬಲಗೊಂಡದ್ದು ಈ ಗಲಾಟೆಯ ನಡುವೆಯೇ. 2019ರ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಚಿತ್ರವನ್ನೇ ನೋಡಿ: ನಾಲ್ಕು ತಂಡಗಳು ಒಂದಕ್ಕೊಂದು ಮಾತಾಡದೆ ಚಿತ್ರ ಕಟ್ಟಿ, ಆಮೇಲೆ ಒಟ್ಟಿಗೆ ಇಟ್ಟು ನೋಡಿದವು. ಹಾರ್ವರ್ಡ್‌ನ ಬ್ಲ್ಯಾಕ್ ಹೋಲ್ ಇನಿಶಿಯೇಟಿವ್‌ನಲ್ಲಿ ಖಗೋಳ ವಿಜ್ಞಾನಿಗಳ ಜೊತೆ ತತ್ತ್ವಶಾಸ್ತ್ರಜ್ಞರೂ ಇತಿಹಾಸಕಾರರೂ ಕೆಲಸ ಮಾಡುತ್ತಾರೆ. ‘ತತ್ತ್ವಶಾಸ್ತ್ರಜ್ಞರು ದೂರ ನಿಂತು ವಿಮರ್ಶಿಸುತ್ತಾರೆ’ ಎಂಬ ನಿಮ್ಮ ವಾಕ್ಯವನ್ನು ಹೊಡೆದುಹಾಕಿದ್ದೇನೆ.

ಪುಸ್ತಕಗಳು ಸಿಗುವುದಿಲ್ಲ ಎಂದು ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಫಿಲ್‌ಸೈ ಆರ್ಕೈವ್‌ನಲ್ಲಿ ಈ ಕ್ಷೇತ್ರದವರ ಹೊಸ ಪ್ರಬಂಧಗಳನ್ನು ಕಾಸಿಲ್ಲದೆ ಓದಬಹುದು. ಆದರೆ ಮೊದಲು 1920ರ ವರದಿ ಓದಿ.

ವಿಜ್ಞಾನದ ಇನ್ನೊಬ್ಬ ತತ್ತ್ವಶಾಸ್ತ್ರಜ್ಞ ಥಾಮಸ್ ಕೂನ್ ಬಗೆಗಿನ ಮೂರು ಪ್ಯಾರಾಗಳಿಗೆ ನಾನು ಕೈ ಹಚ್ಚಿಲ್ಲ. ಅವು ಬೇರೆಯೇ ಜಗಳ. ಸದ್ಯಕ್ಕೆ ಗ್ರಹಣದ ಭಾಗವೊಂದನ್ನೇ 1,500 ಪದಗಳಿಗೆ ಬೆಳೆಸಿ, ದೀಪಾವಳಿ ವಿಶೇಷಾಂಕದ ಪುಟಗಳು ತುಂಬುವ ಮೊದಲು ಕಳಿಸಿ. ಶೀರ್ಷಿಕೆ ನಾನು ಇಡುತ್ತೇನೆ.

ಇತಿ,
ಸಂಪಾದಕ