ಗೂಗಲ್‌ನಲ್ಲಿ ನಮ್ಮ ಹೆಸರು ಯಾಕೆ ಬರುವುದಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಉತ್ತರ ಕನ್ನಡದವು. ಘಟ್ಟದ ಮೇಲಿನವರೂ ಕೆಳಗಿನವರೂ ಕೇಳಿದ್ದು ಸುಮಾರಾಗಿ ಒಂದೇ ವಿಷಯ, ಎಸ್‌ಇಒ (ಹುಡುಕಿದಾಗ ನಮ್ಮ ಪುಟ ಮೇಲೆ ಬರುವಂತೆ ಮಾಡುವ ಕೆಲಸ) ಮತ್ತು ಇಂಟರ್ನೆಟ್ ಮಾರ್ಕೆಟಿಂಗ್. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದೆ.

ಪ್ರಶ್ನೆ: ಶಿರಸಿಯಿಂದ ಕುಮಟಾಕ್ಕೆ ಹೋಗುವ ರಸ್ತೆಯ ಒಳಗೆ ನಮ್ಮ ತೋಟದ ಮನೆ. ಅಲ್ಲೇ ಹೋಂಸ್ಟೇ ನಡೆಸುತ್ತಿದ್ದೇವೆ. ಪರಿಚಯದ ಹುಡುಗನೊಬ್ಬ ವೆಬ್‌ಸೈಟ್ ಮಾಡಿಕೊಟ್ಟ. ಆದರೆ ಗೂಗಲ್‌ನಲ್ಲಿ ನಮ್ಮ ಮನೆಯ ಹೆಸರನ್ನೇ ಹಾಕಿದರೂ ಬುಕಿಂಗ್ ಕಂಪನಿಯವರ ಪುಟ ಬರುತ್ತದೆ, ನಮ್ಮದು ಕಾಣುವುದೇ ಇಲ್ಲ. ಈಗ ಒಂದು ಏಜೆನ್ಸಿಯವರು 25,000 ರೂಪಾಯಿ ಕೊಟ್ಟರೆ ಒಂದೇ ತಿಂಗಳಲ್ಲಿ ‘ಶಿರಸಿ ಹೋಂಸ್ಟೇ’ ಅಂತ ಹುಡುಕಿದಾಗ ಮೊದಲ ಸ್ಥಾನ ಗ್ಯಾರಂಟಿ ಅನ್ನುತ್ತಿದ್ದಾರೆ. ಕೊಡಬಹುದಾ? (ಶಿರಸಿ)

ಉತ್ತರ: ಕೊಡಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದಿಟ್ಟಿದೆ. ಹುಡುಕುವವರು ಎಲ್ಲಿದ್ದಾರೆ ಅನ್ನುವುದರ ಮೇಲೂ ಫಲಿತಾಂಶ ಬದಲಾಗುತ್ತದೆ. ಹುಬ್ಬಳ್ಳಿಯಲ್ಲಿ ಕೂತವರಿಗೆ ಕಂಡದ್ದೇ ನಿಮಗೂ ಕಾಣಬೇಕೆಂದಿಲ್ಲ.

ನಿಮ್ಮ ಹೆಸರನ್ನೇ ಹಾಕಿದರೂ ಬರುವುದಿಲ್ಲ ಅಂದಿರಲ್ಲ, ನನ್ನ ಅನುಮಾನ ಅಲ್ಲೇ ಇದೆ. ನಿಮ್ಮ ಪುಟ ಗೂಗಲ್‌ನ ಲೆಕ್ಕದಲ್ಲೇ ಇಲ್ಲದಿರಬಹುದು. ನೋಡುವುದು ಸುಲಭ. ಗೂಗಲ್ ತೆರೆದು ಇಂಗ್ಲಿಷಿನಲ್ಲಿ ‘ಸೈಟ್’ (site) ಅಂತ ಬರೆದು, ಒಂದರ ಮೇಲೊಂದು ಇರುವ ಎರಡು ಚುಕ್ಕಿ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟಿನ ವಿಳಾಸ ಹಾಕಿ. ಏನೂ ಬರದಿದ್ದರೆ ಒಳಗೆ ಬಾಗಿಲು ಹಾಕಿಕೊಂಡಿರುವ ಸಾಧ್ಯತೆ ಜಾಸ್ತಿ. ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ತಂತ್ರಾಂಶದಲ್ಲಿ ಮಾಡಿದ್ದಾದರೆ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್ ಅಂತ ಇರುತ್ತದೆ. ಅಲ್ಲಿ ಸರ್ಚ್ ಇಂಜಿನ್‌ಗಳು ಬರುವುದು ಬೇಡ ಅನ್ನುವ ಅರ್ಥದ ಒಂದು ಚೌಕ ಇದೆ. ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟ ಕಾಣದಿರಲಿ ಅಂತ ಅದಕ್ಕೆ ಟಿಕ್ ಹಾಕಿರುತ್ತಾರೆ, ಕೆಲಸ ಮುಗಿದ ಮೇಲೆ ತೆಗೆಯುವುದು ಮರೆತುಹೋಗುತ್ತದೆ. ಆ ಹುಡುಗನಿಗೆ ಇವತ್ತೇ ಫೋನ್ ಮಾಡಿ ನೋಡಲು ಹೇಳಿ. ಹಾಗೇ ಡೊಮೈನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತಲೂ ಕೇಳಿಬಿಡಿ. ಎರಡೂ ನಿಮ್ಮ ಕೈಯಲ್ಲಿರಬೇಕು.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್ ಅನ್ನುವುದರಲ್ಲಿ ಸೈಟನ್ನು ಸೇರಿಸಿ, ನಿಮ್ಮ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಕೊಡಿ. ಖರ್ಚಿಲ್ಲ. ಯಾವ ಪದ ಹುಡುಕಿದವರಿಗೆ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಅನ್ನುವುದು 16 ತಿಂಗಳ ಹಿಂದಿನವರೆಗೂ ಅದರಲ್ಲಿ ಸಿಗುತ್ತದೆ.

ಇನ್ನು ಬರವಣಿಗೆಯ ವಿಷಯ. ‘ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ’ ಅಂತ ನಿಮ್ಮ ಸೈಟಿನಲ್ಲೂ ಇದೆ ಅಲ್ವಾ? ಇಲ್ಲದ ಹೋಂಸ್ಟೇ ಸೈಟ್ ಕಡಿಮೆ. ಆ ಸಾಲನ್ನು ಯಾರೂ ಹುಡುಕುವುದಿಲ್ಲ. ಬರುವವರು ನಿಮಗೆ ಫೋನ್ ಮಾಡಿ ಏನು ಕೇಳುತ್ತಾರೆ ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ರಸ್ತೆ ತೆರೆದಿರುತ್ತದಾ, ಉಂಬಳದ ಕಾಟ ಎಷ್ಟು, ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ, ಡ್ರೈವರ್‌ಗೆ ಮಲಗಲು ಜಾಗ ಇದೆಯಾ, ಅಜ್ಜ ಅಜ್ಜಿ ಬಂದರೆ ಮೆಟ್ಟಿಲು ಹತ್ತಬೇಕಾ, ರಾತ್ರಿ ಒಂಬತ್ತಾದರೂ ಊಟ ಸಿಗುತ್ತದಾ. ಒಂದು ವಾರ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಅವರು ಕೇಳಿದ್ದನ್ನು ಅವರದೇ ಮಾತಿನಲ್ಲಿ ಗೀಚಿಕೊಳ್ಳಿ. ನಿಮ್ಮ ಸೈಟಿನಲ್ಲಿ ಇರಬೇಕಾದದ್ದು ಅದೇ ಪ್ರಶ್ನೆಗಳು, ಅವಕ್ಕೆ ನೀವು ಕೊಟ್ಟ ನೇರ ಉತ್ತರ. ದೊಡ್ಡ ಫೀಸು ತೆಗೆದುಕೊಂಡು ಕೀವರ್ಡ್ ರಿಸರ್ಚ್ (ಜನ ಯಾವ ಪದ ಹಾಕಿ ಹುಡುಕುತ್ತಾರೆ ಅನ್ನುವ ಶೋಧ) ಅಂತ ಮಾಡಿಕೊಡುವ ಕೆಲಸದ ಮುಕ್ಕಾಲು ಪಾಲು ನಿಮಗೆ ಫೋನಿನಲ್ಲೇ ಸಿಕ್ಕಿಬಿಡುತ್ತದೆ.

ಯಾಣದ ಬಗ್ಗೆ ಒಂದು ಬೇರೆ ಪುಟವೇ ಮಾಡಿ. ಭೈರವೇಶ್ವರ ಶಿಖರ 120 ಮೀಟರ್ ಎತ್ತರ ಅಂತ ಬರೆದ ಪುಟಗಳಿಗೇನೂ ಬರ ಇಲ್ಲ, ನೀವು ಬರೆದರೆ ಅದರ ಜೊತೆ ಇನ್ನೊಂದು ಅಷ್ಟೇ. ನಿಮ್ಮ ಗೇಟಿನಿಂದ ಎಷ್ಟು ಹೊತ್ತು, ಗಾಡಿ ನಿಲ್ಲಿಸಿದ ಮೇಲೆ ಎಷ್ಟು ನಡೆಯಬೇಕು, ಜುಲೈನಲ್ಲಿ ಆ ಮೆಟ್ಟಿಲು ಎಷ್ಟು ಜಾರುತ್ತವೆ, ಎಷ್ಟು ಗಂಟೆಗೆ ಹೊರಟರೆ ಜನ ಕಮ್ಮಿ, ಇವು ಬೆಂಗಳೂರಿನಲ್ಲಿ ಕೂತು ಬರೆಯುವವನಿಗೆ ಗೊತ್ತಾಗುವುದಿಲ್ಲ. ಪುಟದ ಗುಣಮಟ್ಟ ಅಳೆಯುವವರಿಗೆ ಗೂಗಲ್ ಕೊಡುವ ಸೂಚನೆಯಲ್ಲಿ, ಬರೆದವರಿಗೆ ಸ್ವಂತ ಅನುಭವ ಇದೆಯಾ ನೋಡಿ ಅನ್ನುವ ಮಾತು 2022ರ ಡಿಸೆಂಬರ್‌ನಲ್ಲಿ ಸೇರಿತು. ಉಂಚಳ್ಳಿ ಜಲಪಾತ, ಸಹಸ್ರಲಿಂಗ, ಬನವಾಸಿಗೂ ಹೀಗೇ ಮಾಡಬಹುದು. ‘ಶಿರಸಿ ಹೋಂಸ್ಟೇ’ ಅನ್ನುವ ಎರಡು ಪದಕ್ಕೆ ದೊಡ್ಡ ಬುಕಿಂಗ್ ಕಂಪನಿಗಳ ಜೊತೆ ಗುದ್ದಾಡುವುದಕ್ಕಿಂತ ‘ಯಾಣದ ಹತ್ತಿರ ಊಟ ಸಮೇತ ಉಳಿಯಲು ಮನೆ’ ಅಂತ ಹುಡುಕುವ ಹತ್ತು ಜನ ಸಿಕ್ಕರೆ ವಾಸಿ. ಅವರು ಬಂದೇ ಬರುವ ಗಿರಾಕಿಗಳು.

ಪ್ರತಿ ಪುಟದ ಟೈಟಲ್, ಅಂದರೆ ಗೂಗಲ್ ಫಲಿತಾಂಶದಲ್ಲಿ ಕಾಣುವ ಶೀರ್ಷಿಕೆ, ಬೇರೆ ಬೇರೆ ಇರಲಿ. ‘ಹೋಮ್’ ಅಂತ ಬಿಡಬೇಡಿ, ಊರು ಮತ್ತು ವಿಷಯ ಎರಡೂ ಅದರಲ್ಲಿ ಬರಲಿ. ಫೋಟೋ ಚಿಕ್ಕದು ಮಾಡಿ ಹಾಕಿ. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೇ ನಾಲ್ಕೈದು ಎಂಬಿ ಇರುತ್ತದೆ. ಅಂಥವು ಹತ್ತು ಹಾಕಿದರೆ ಘಟ್ಟದ ದಾರಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ನಿಂತವನಿಗೆ ಬಿಳಿ ಪರದೆ ಮಾತ್ರ ಕಾಣುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟ ಅಳತೆ.

ನಕ್ಷೆಯದು ಬೇರೆ ಕತೆ. ಗೂಗಲ್ ಬಿಸಿನೆಸ್ ಪ್ರೊಫೈಲ್ (ನಕ್ಷೆಯಲ್ಲಿ ನಿಮ್ಮ ಹೆಸರು, ಜಾಗ, ಫೋನ್ ತೋರಿಸುವ ಪುಟ) ನೀವೇ ಮಾಡಿಕೊಳ್ಳಿ, ಅದಕ್ಕೂ ದುಡ್ಡಿಲ್ಲ. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರಿದೆ ಅನ್ನುವ ಮೂರರ ಮೇಲೆ ಅಲ್ಲಿನ ಸ್ಥಾನ ನಿಲ್ಲುತ್ತದೆ. ಪಿನ್ ಮಾತ್ರ ಸರಿಯಾಗಿ ನಿಮ್ಮ ಗೇಟಿಗೇ ಬೀಳಲಿ. ಇಲ್ಲದಿದ್ದರೆ ಬಂದ ನೆಂಟರು ಪಕ್ಕದವರ ಅಡಿಕೆ ತೋಟದಲ್ಲಿ ಕಾರು ತಿರುಗಿಸಲಾಗದೆ ನಿಂತಿರುತ್ತಾರೆ.

ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಅಂತ ಗೂಗಲ್‌ನವರೇ ಹೇಳಿದ್ದಾರೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು ನಿಮಗೆ ನಾನು ಹೇಳಬೇಕಿಲ್ಲ. ಜಾತ್ರೆಗೆ ಬರುವವರಿಗಾಗಿ ಪುಟ ಮಾಡುವುದಾದರೆ ಹಿಂದಿನ ಮಳೆಗಾಲದಲ್ಲೇ ಬರೆದಿಡಿ. ಚಪ್ಪರ ಹಾಕಿದ ಮೇಲೆ ಶುರು ಮಾಡಿದರೆ ಆ ಸಲಕ್ಕೆ ಸಿಕ್ಕುವುದಿಲ್ಲ.

ಪ್ರಶ್ನೆ: ಮನೆಯಲ್ಲೇ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್ ಮಾಡುತ್ತೇನೆ. ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಮಾರಾಟ. ವೆಬ್‌ಸೈಟ್ ಇಲ್ಲದಿದ್ದರೆ ಬೆಳೆಯುವುದಿಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ. ನಿಜವಾ? (ಹೊನ್ನಾವರ)

ಉತ್ತರ: ಅಕ್ಕಾ, ಹೆದರಬೇಡಿ. ಈಗ ಬರುವ ಆರ್ಡರನ್ನೇ ಪೂರೈಸಲು ಕೈ ಸಾಲದಿದ್ದರೆ ವೆಬ್‌ಸೈಟ್ ಕಟ್ಟಿ ಮಾಡುವುದೇನು? ವಾಟ್ಸಾಪ್ ಬಿಸಿನೆಸ್ ಆ್ಯಪಿನಲ್ಲಿ ಕ್ಯಾಟಲಾಗ್ ಅಂತ ಇದೆ. ಒಂದೊಂದು ಸಾಮಾನಿಗೂ ಫೋಟೋ, ತೂಕ, ಬೆಲೆ ಹಾಕಿಡಿ. ದಿನಾ ಇಪ್ಪತ್ತು ಜನಕ್ಕೆ ರೇಟ್ ಹೇಳುವ ಕೆಲಸ ತಪ್ಪುತ್ತದೆ.

ಆದರೆ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದು ನಾಲ್ಕು ದಿನಕ್ಕೆ ಕೆಳಗೆ ಹೋಗುತ್ತದೆ, ನಿಮ್ಮನ್ನು ಮೊದಲೇ ಹಿಂಬಾಲಿಸುವವರಿಗೇ ಹೆಚ್ಚಾಗಿ ಕಾಣುತ್ತದೆ. ಏಪ್ರಿಲ್ ತಿಂಗಳಲ್ಲಿ ಮುಂಬೈನಲ್ಲಿ ಕೂತು ‘ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲಿ ಸಿಗುತ್ತದೆ’ ಅಂತ ಹುಡುಕುವ ನಮ್ಮ ಕಡೆಯವರು ನಿಮಗೆ ಬೇಕೆನಿಸಿದರೆ, ಆಗ ಒಂದೆರಡು ಪುಟದ ಸಣ್ಣ ಸೈಟ್ ಸಾಕು. ಬೆಲೆಪಟ್ಟಿಯನ್ನು ಚಿತ್ರವಾಗಿ ಹಾಕಬೇಡಿ, ಅಕ್ಷರದಲ್ಲಿ ಟೈಪ್ ಮಾಡಿ. ಚಿತ್ರದೊಳಗಿನ ಬರಹವನ್ನು ಗೂಗಲ್ ಓದುತ್ತದೆ ಅಂತ ನಂಬಿ ಕೂರುವಂತಿಲ್ಲ. ನೀವು ಮುರುಗಲು ಅನ್ನುವುದನ್ನು ಮಂಗಳೂರಿನವರು ಪುನರ್ಪುಳಿ ಅಂತ ಹುಡುಕುತ್ತಾರೆ, ಬೆಂಗಳೂರಿನವರು ಕೋಕಂ ಅಂತ. ಮೂರೂ ಹೆಸರು ಪುಟದಲ್ಲಿ ಸಹಜವಾಗಿ ಒಂದೊಂದು ಸಲ ಬಂದರೆ ಆಯಿತು. ಇಪ್ಪತ್ತು ಸಲ ತುರುಕಬೇಡಿ, ಅದು ಗೂಗಲ್‌ನ ನಿಯಮಕ್ಕೇ ವಿರುದ್ಧ. ಯಾವುದು ಜಾಸ್ತಿ ಓಡುತ್ತದೆ ಅಂತ ಗೂಗಲ್ ಟ್ರೆಂಡ್ಸ್‌ನಲ್ಲಿ ನೋಡಬಹುದು. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ಬೇಕಾದರೆ ಬೇರೆ ಪುಟ ಮಾಡಿ. ಒಂದೇ ಪುಟದಲ್ಲಿ ಎರಡನ್ನೂ ಕಲಸಬೇಡಿ.

ಇನ್ನೊಂದು, ಹಿಂದಿನ ಉತ್ತರ ಓದಿ ನೀವೂ ಬಿಸಿನೆಸ್ ಪ್ರೊಫೈಲ್ ಮಾಡಲು ಹೊರಡಬಹುದು. ಗಿರಾಕಿಗಳು ಮನೆಗೆ ಬಂದು ಒಯ್ಯುವುದಿದ್ದರೆ ಸರಿ. ಬರೀ ಕೊರಿಯರ್ ಮಾರಾಟವಾದರೆ ಅದಕ್ಕೆ ಅವಕಾಶ ಇಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಗಿದೆ ಅಂದುಕೊಂಡಿದ್ದೇನೆ. ಆಗಿಲ್ಲದಿದ್ದರೆ ವೆಬ್‌ಸೈಟಿಗಿಂತ ಮೊದಲು ಅದು.

ಪ್ರಶ್ನೆ: ಬಿ.ಕಾಂ. ಕೊನೆಯ ವರ್ಷ. ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿಗೆ 40,000 ರೂಪಾಯಿ ಕೇಳುತ್ತಿದ್ದಾರೆ. ಸೇರಲಾ? ಎಐ ಬಂದ ಮೇಲೆ ಈ ಕೆಲಸವೇ ಇರುವುದಿಲ್ಲ ಅಂತಲೂ ಹೇಳುತ್ತಾರೆ. (ಕಾರವಾರ)

ಉತ್ತರ: ತಮ್ಮಾ, ದುಡ್ಡು ಕಟ್ಟುವ ಮೊದಲು ಅವರ ಪಾಠದ ಪಟ್ಟಿ ತರಿಸಿಕೊಂಡು ನೋಡು. ಕೀವರ್ಡ್ ಮೆಟಾ ಟ್ಯಾಗ್ (ಪುಟದ ಕೋಡಿನೊಳಗೆ ಇಡುವ ಪದಪಟ್ಟಿ) ತುಂಬುವುದು ಹೇಗೆ ಅಂತ ಒಂದು ಪಾಠ ಇದ್ದರೆ ಅಲ್ಲಿಂದ ಎದ್ದು ಬಾ. ಆ ಟ್ಯಾಗನ್ನು ಪುಟಗಳ ಸ್ಥಾನ ಗೊತ್ತುಮಾಡುವ ರ‍್ಯಾಂಕಿಂಗ್‌ಗೆ ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ದುಡ್ಡು ಕೊಟ್ಟು ಬೇರೆ ಸೈಟುಗಳಲ್ಲಿ ತನ್ನ ಲಿಂಕ್ ಹಾಕಿಸಿ ಮೇಲೆ ಬರುವ ಆಟಕ್ಕೆ ಗೂಗಲ್ ತನ್ನ ಹುಡುಕಾಟದ ಲೆಕ್ಕದಲ್ಲಿ ತಂದ 2012ರ ಪೆಂಗ್ವಿನ್ ಅಪ್‌ಡೇಟ್ ಪೆಟ್ಟು ಕೊಟ್ಟಾಗಿದೆ, ಅದನ್ನು ಇವತ್ತೂ ಕಲಿಸುವವರಿದ್ದಾರೆ.

ಗೂಗಲ್‌ನ ಎಸ್‌ಇಒ ಸ್ಟಾರ್ಟರ್ ಗೈಡ್ ಪುಕ್ಕಟೆ ಇದೆ, ಒಂದು ಸಂಜೆಗೆ ಓದಿ ಮುಗಿಯುತ್ತದೆ. ಜಾಹೀರಾತಿನ ಕಡೆಗೆ ಗೂಗಲ್‌ನದೇ ಆನ್‌ಲೈನ್ ಪಾಠಶಾಲೆ ಸ್ಕಿಲ್‌ಶಾಪ್ ಇದೆ, ಅದರ ಸರ್ಟಿಫಿಕೇಟಿಗೂ ದುಡ್ಡಿಲ್ಲ. ಆದರೆ ಓದಿ ಬರುವ ವಿದ್ಯೆ ಅಲ್ಲ ಇದು. ಸ್ವಂತದ್ದೊಂದು ಸೈಟ್ ಮಾಡು. ವಿಷಯ ಹುಡುಕಿಕೊಂಡು ದೂರ ಹೋಗುವುದೇನು, ಮೀನು ಪೇಟೆ ಅಲ್ಲೇ ಇದೆ. ಯಾವ ತಿಂಗಳಲ್ಲಿ ಯಾವ ಮೀನು ಬರುತ್ತದೆ, ಕನ್ನಡದಲ್ಲಿ ಕೊಂಕಣಿಯಲ್ಲಿ ಅದಕ್ಕೇನು ಹೆಸರು, ತಾಜಾ ಅಂತ ಗುರುತಿಸುವುದು ಹೇಗೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವಾಗ ಪೇಟೆಯಲ್ಲಿ ಏನು ಸಿಗುತ್ತದೆ. ಮೀನು ಮಾರುವ ಅಕ್ಕಂದಿರನ್ನು ಕೇಳಿ, ನಿನ್ನದೇ ಫೋಟೋ ತೆಗೆದು ಬರೆ. ಸರ್ಚ್ ಕನ್ಸೋಲ್ ಜೋಡಿಸು. ಒಂದು ಪುಟ ಸಾವಿರ ಸಲ ಕಂಡರೂ ಐದೇ ಜನ ಒತ್ತಿದ್ದಾರೆ ಅಂದರೆ ಯಾಕೆ ಅಂತ ತಲೆ ಕೆಡಿಸಿಕೊಂಡು, ಟೈಟಲ್ ಬದಲಿಸಿ, ಮತ್ತೆ ಕಾದು ನೋಡು. ಕೆಲಸ ಕೇಳಲು ಹೋದಾಗ ಸರ್ಟಿಫಿಕೇಟಿಗಿಂತ ಆ ಸೈಟಿನ ಲೆಕ್ಕ ತೋರಿಸಿದರೆ ಮಾತಿಗೆ ತೂಕ ಬರುತ್ತದೆ.

ಎಐ ವಿಷಯ. ಸಣ್ಣಪುಟ್ಟ ಪ್ರಶ್ನೆಗೆ ಗೂಗಲ್ ಈಗ ಮೇಲೆಯೇ ಉತ್ತರ ಕೊಟ್ಟುಬಿಡುತ್ತದೆ, ಪುಟ ಒತ್ತುವ ಅಗತ್ಯವೇ ಬೀಳದ ಹುಡುಕಾಟಗಳಿವೆ, ಅದು ಸುಳ್ಳಲ್ಲ. ಎಲ್ಲೆಲ್ಲಿಂದಲೋ ಹೆಕ್ಕಿ ಬರೆದ ಪುಟಗಳಿಗೆ ಕಷ್ಟ ಇದೆ. ಎಐನಿಂದ ಸಾವಿರ ಪುಟ ಉದುರಿಸಿ ಗೆಲ್ಲುತ್ತೇನೆ ಅನ್ನುವವರಿಗೂ ಸುಖ ಇಲ್ಲ. ರ‍್ಯಾಂಕಿಂಗ್‌ಗಾಗಿಯೇ ರಾಶಿ ರಾಶಿ ಪುಟ ಹಾಕುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪಾಮ್ ಪಟ್ಟಿಗೆ ಸೇರಿಸಿತು, ಬರೆದದ್ದು ಮನುಷ್ಯನೋ ಯಂತ್ರವೋ ಅನ್ನುವುದು ಅಲ್ಲಿ ಮುಖ್ಯವಲ್ಲ. ಕೆಲಸ ಹೋಗುತ್ತದೆ ಅನ್ನುವುದಕ್ಕಿಂತ ಸೋಮಾರಿ ಕೆಲಸ ಹೋಗುತ್ತದೆ ಅನ್ನು.

ಪ್ರಶ್ನೆ: ಏಸಿ, ಫ್ರಿಜ್ ರಿಪೇರಿ ಅಂಗಡಿ ಇದೆ. ಗೂಗಲ್ ಆ್ಯಡ್ಸ್ ಹಾಕಿದೆ. ದಿನಕ್ಕೆ 300 ರೂಪಾಯಿ ಹೋಗುತ್ತಿದೆ, ಫೋನೂ ಬರುತ್ತದೆ, ಕೆಲಸ ಮಾತ್ರ ಇಲ್ಲ. (ಕಾರವಾರ)

ಉತ್ತರ: ಫೋನ್ ಮಾಡಿದವರು ಏನು ಕೇಳಿದರು ಅಂತ ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ಆ್ಯಡ್ಸ್ ಖಾತೆಯಲ್ಲಿ ಸರ್ಚ್ ಟರ್ಮ್ಸ್ ಅನ್ನುವ ಪಟ್ಟಿ ತೆರೆಯಿರಿ. ನೀವು ಕೊಟ್ಟ ಪದ ‘ಏಸಿ ರಿಪೇರಿ’ ಇರಬಹುದು, ಜನ ನಿಜವಾಗಿ ಹುಡುಕಿದ್ದು ‘ಏಸಿ ರಿಪೇರಿ ಕೋರ್ಸ್’, ‘ಏಸಿ ಮೆಕ್ಯಾನಿಕ್ ಕೆಲಸ ಖಾಲಿ’, ‘ಸೆಕೆಂಡ್ ಹ್ಯಾಂಡ್ ಏಸಿ ರೇಟ್’, ಯಾವುದೋ ಕಂಪನಿಯ ಕಸ್ಟಮರ್ ಕೇರ್ ನಂಬರ್ ಇರುತ್ತದೆ. ಬ್ರಾಡ್ ಮ್ಯಾಚ್, ಅಂದರೆ ಕೊಟ್ಟ ಪದಕ್ಕೆ ಹತ್ತಿರದ ಹುಡುಕಾಟಕ್ಕೆಲ್ಲ ಜಾಹೀರಾತು ತೋರಿಸುವ ಆಯ್ಕೆ, ಹಾಗೇ ಇಟ್ಟಿದ್ದರೆ ಹೀಗೇ ಆಗುವುದು. ಅಂಥ ಪದಗಳನ್ನೆಲ್ಲ ಇವಕ್ಕೆ ಜಾಹೀರಾತು ತೋರಿಸಬೇಡ ಅನ್ನುವ ನೆಗೆಟಿವ್ ಕೀವರ್ಡ್ ಪಟ್ಟಿಗೆ ಹಾಕಿ.

ಸ್ಥಳದ ಸೆಟ್ಟಿಂಗ್ ಕೂಡ ನೋಡಿ. ಕಾರವಾರ ಅಂತ ಕೊಟ್ಟರೆ ಅಲ್ಲಿ ಇರುವವರ ಜೊತೆಗೆ ಕಾರವಾರದ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಹೋಗುತ್ತದೆ, ಗೂಗಲ್ ತಾನಾಗಿ ಇಟ್ಟಿರುವುದು ಹಾಗೇ. ಬೀಚ್ ನೋಡಲು ಬರಬೇಕೆಂದಿರುವ ಬೆಳಗಾವಿಯವರ ಏಸಿ ನಿಮಗೆ ಯಾಕೆ? ಅಲ್ಲಿ ಇರುವವರಿಗೆ ಮಾತ್ರ ಅಂತ ಬದಲಿಸಿ. ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಜಾಹೀರಾತೂ ನಿಲ್ಲುವಂತೆ ವೇಳಾಪಟ್ಟಿ ಹಾಕಬಹುದು. ಒಂದು ತಿಂಗಳು ಹೀಗೆ ಸೋಸಿದ ಮೇಲೂ ಕೆಲಸ ಬರದಿದ್ದರೆ ನಿಲ್ಲಿಸಿಬಿಡಿ.

ಪ್ರಶ್ನೆ: ನಮ್ಮ ಖಾನಾವಳಿಗೆ ಕಾಲೇ ಇಡದವರು ಒಂದು ಸ್ಟಾರ್ ಕೊಟ್ಟು ಹೋಗಿದ್ದಾರೆ. ಐದು ಸ್ಟಾರ್ ಕೊಟ್ಟವರಿಗೆ ಸೋಲ್‌ಕಡಿ ಫ್ರೀ ಅಂತ ಬೋರ್ಡ್ ಹಾಕಲಾ? (ಗೋಕರ್ಣ)

ಉತ್ತರ: ಬೋರ್ಡ್ ಬೇಡ. ಏನಾದರೂ ಕೊಟ್ಟು ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ನಿಜವಾದ ರಿವ್ಯೂಗಳಿಗೂ ಕುತ್ತು. ಸುಳ್ಳು ರಿವ್ಯೂವನ್ನು ಪ್ರೊಫೈಲಿನಿಂದಲೇ ರಿಪೋರ್ಟ್ ಮಾಡಿ, ತೆಗೆಯುವವರೆಗೆ ಅದರ ಕೆಳಗೆ ಎರಡು ಸಾಲು ಉತ್ತರ ಹಾಕಿ: ಯಾವ ದಿನ ಬಂದಿದ್ದಿರಿ, ಏನು ಊಟ ಮಾಡಿದಿರಿ ತಿಳಿಸಿ, ಸರಿಪಡಿಸುತ್ತೇವೆ ಅಂತ. ಬಯ್ಯಬೇಡಿ, ಮುಂದೆ ಬರುವ ಗಿರಾಕಿ ಓದುವುದು ನಿಮ್ಮ ಉತ್ತರವನ್ನು. ಚೆನ್ನಾಗಿ ಉಂಡು ಕೈ ತೊಳೆದು ಬಂದವರಿಗೆ ಬಿಲ್ ಕೊಡುವಾಗ ‘ಸಾಧ್ಯವಾದರೆ ನಾಲ್ಕು ಮಾತು ಬರೆಯಿರಿ’ ಅಂತ ಬಾಯಲ್ಲಿ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.