“ನಾನು ಒಂದು ರೂಪಾಯಿ ಮುಟ್ಟಿಲ್ಲ” ಅಂದ ಮ್ಯಾನೇಜರ್

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಇದೆ.)

ಶಿರಸಿಯ ಒಂದು ಖಾಸಗಿ ಅಡಿಕೆ ವಖಾರಿಯ ಮ್ಯಾನೇಜರ್. ವಯಸ್ಸು ನಲವತ್ತರ ಆಸುಪಾಸು. ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ದೂರು ಇಷ್ಟೇ: “ಹುಡುಗರಿಗೆ ಕೆಲಸದಲ್ಲಿ ಮನಸ್ಸೇ ಇಲ್ಲ. ಹೇಳಿದಷ್ಟು ಮಾಡ್ತಾರೆ, ಹೊತ್ತಾದ ಕೂಡಲೇ ಬೈಕ್ ಹತ್ತುತ್ತಾರೆ. ಚಾಲಿಗೆ (ಬಿಸಿಲಲ್ಲಿ ಒಣಗಿಸಿದ ಬಿಳಿ ಅಡಿಕೆಗೆ) ಬೂಷ್ಟು ಬಂದದ್ದು ಕಂಡರೂ ಬಾಯಿ ಬಿಡೋದಿಲ್ಲ.” ಬೋನಸ್ ಕೊಟ್ಟಾಗಿತ್ತು. ಮುರ್ಡೇಶ್ವರಕ್ಕೆ ಟ್ರಿಪ್ ಕೂಡ ಆಗಿತ್ತು. ಹುಬ್ಬಳ್ಳಿಯಿಂದ ಭಾಷಣಕಾರರನ್ನು ಕರೆಸಬೇಕು ಅಂತಿದ್ದರು.

ಇದು ಯಾವಾಗಿನಿಂದ ಹೀಗೆ ಅಂತ ಕೇಳಿದೆ. ಹೋದ ಸೀಸನ್‌ನಿಂದ ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಡದ ಮನಸ್ಸಿನಿಂದಲೇ ಹೇಳಿದ್ದು ತಕ್ಕಡಿಯ ಕಥೆ.

ಅಲ್ಲಿ ರೈತರು ತಂದ ಅಡಿಕೆಯಲ್ಲಿ ಪ್ರತಿ ಚೀಲಕ್ಕೂ ಚೀಲದ ತೂಕ ಅಂತ ಒಂದೂವರೆ ಕೆಜಿ ಕಳೆಯುತ್ತಿದ್ದರು. ಖಾಲಿ ಚೀಲ ತೂಗುತ್ತಿದ್ದದ್ದು ಒಂದು ಕೆಜಿಯೊಳಗೆ. ರಾಶಿ ಅಡಿಕೆ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಕ್ವಿಂಟಲ್‌ಗೆ 40 ಸಾವಿರ ಅಂತ ಇಟ್ಟುಕೊಂಡರೂ ಹೆಚ್ಚಿಗೆ ಕಳೆದ ಅರ್ಧ ಕೆಜಿ ಅಂದರೆ ಚೀಲಕ್ಕೆ 200 ರೂಪಾಯಿ. ತೂಕ ಮಾಡುವ ಹುಡುಗ ಒಂದು ದಿನ ರೈತರ ಎದುರೇ “ಚೀಲ ಅಷ್ಟು ಬರೋದಿಲ್ಲ” ಅಂದುಬಿಟ್ಟ. ಮಾರನೇ ದಿನ ಯಜಮಾನರು ಅವನನ್ನು ಗೋದಾಮಿಗೆ ಹಾಕಲು ಹೇಳಿದರು, ಇವರು ಹಾಕಿದರು. ಯಾರಿಗೂ ಏನೂ ಹೇಳಲಿಲ್ಲ.

“ಆದ್ರೆ ನಾನು ಒಂದು ರೂಪಾಯಿ ಮುಟ್ಟಿಲ್ಲ” ಅಂದರು. ನಿಜವೇ ಇರಬೇಕು, ನನಗೆ ಅನುಮಾನ ಇಲ್ಲ. ಆದರೆ ಅದು ಹುಡುಗರಿಗೆ ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ಬಿದ್ದದ್ದು ಒಂದೇ, ಸತ್ಯ ಹೇಳಿದವನು ಗೋದಾಮಿಗೆ ಹೋದ.

ನಾಯಕರ ಪ್ರಾಮಾಣಿಕತೆಯ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಪ್ರಾಧ್ಯಾಪಕಿ ಲಿಂಡಾ ಟ್ರೆವಿನೊ ಮತ್ತು ಜೊತೆಗಾರರು 2000ದಲ್ಲಿ ಬರೆದದ್ದೂ ಇದನ್ನೇ. ನಾಯಕ ತಾನು ಪ್ರಾಮಾಣಿಕನಾಗಿದ್ದರೆ ಸಾಲದು. ಯಾವುದಕ್ಕೆ ಶಹಬ್ಬಾಸ್, ಯಾವುದಕ್ಕೆ ಶಿಕ್ಷೆ ಅನ್ನೋದರಲ್ಲಿ ಅದು ಕೆಳಗಿನವರಿಗೆ ಕಾಣಬೇಕು. ಇನ್ನು ‘ಕೆಲಸದಲ್ಲಿ ಮನಸ್ಸಿಲ್ಲ’ ಅನ್ನುವ ದೂರಿಗೆ ಬಂದರೆ, ವಿಲಿಯಂ ಕಾನ್ ಅನ್ನುವ ಅಮೆರಿಕದ ಸಂಶೋಧಕರು 1990ರಲ್ಲಿ ಒಂದು ಬೇಸಿಗೆ ಶಿಬಿರದ ಸಿಬ್ಬಂದಿಯನ್ನೂ ಒಂದು ವಾಸ್ತುಶಿಲ್ಪ ಸಂಸ್ಥೆಯವರನ್ನೂ ನೋಡಿ ಮೂರು ವಿಷಯ ಹೇಳಿದ್ದರು: ಕೆಲಸಕ್ಕೆ ಅರ್ಥ ಇರಬೇಕು, ಮೈಯಲ್ಲಿ ಮನಸ್ಸಲ್ಲಿ ತ್ರಾಣ ಇರಬೇಕು, ಮತ್ತೆ ತನ್ನನ್ನು ತಾನು ತೋರಿಸಿಕೊಂಡರೆ ಪೆಟ್ಟು ಬೀಳುವುದಿಲ್ಲ ಅನ್ನುವ ಧೈರ್ಯ ಇರಬೇಕು. ಇಲ್ಲಿ ಹೋಗಿದ್ದು ಆ ಧೈರ್ಯ. ಟ್ರಿಪ್‌ನಿಂದ ಅದು ವಾಪಸ್ ಬರುತ್ತಾ?

ಹಾಗಾಗಿ ಭಾಷಣಕಾರರು ಬೇಡ ಅಂದೆ. ಮೊದಲು ಯಜಮಾನರ ಹತ್ತಿರ ಒಬ್ಬರೇ ಹೋಗಿ. ನೀತಿಪಾಠ ಬೇಡ, ಲೆಕ್ಕ ತೋರಿಸಿ: ಎಷ್ಟು ರೈತರು ಈ ವರ್ಷ ಬೇರೆ ಕಡೆ ಹೋದರು, ಬೂಷ್ಟು ಬಂದು ಎಷ್ಟು ಮಾಲು ಹಾಳಾಯಿತು. ಖಾಲಿ ಚೀಲವನ್ನು ರೈತರ ಎದುರೇ ತೂಗಿ ಚೀಟಿಯಲ್ಲಿ ಬರೆಯೋಣ ಅಂತ ಕೇಳಿ. ಒಪ್ಪದಿದ್ದರೆ ನಿಮ್ಮ ಗೆರೆ ಎಲ್ಲಿ ಅನ್ನೋದನ್ನು ಹೋಗುವ ಮೊದಲೇ, ಹೆಂಡತಿ ಜೊತೆ ಕೂತು ತೀರ್ಮಾನ ಮಾಡಿ, ಯಾಕಂದ್ರೆ ಮಗಳ ಕಾಲೇಜು ಫೀಸು ಕಟ್ಟುವುದು ಈ ಸಂಬಳದಲ್ಲೇ ಅಲ್ವಾ, ಅಲ್ಲಿ ನಿಂತು ಯೋಚಿಸಿದರೆ ತಲೆ ಆಡಿಸಿ ಬಂದುಬಿಡ್ತೀರಿ. ಹುಡುಗನನ್ನು ತಕ್ಕಡಿಗೆ ವಾಪಸ್ ತನ್ನಿ. ಸದ್ದಿಲ್ಲದೆ ಅಲ್ಲ, ಎಲ್ಲರೆದುರು, “ಇವನು ಹೇಳಿದ್ದು ಸರಿ ಇತ್ತು, ಇವನನ್ನು ಕಳಿಸಿದ್ದು ತಪ್ಪು” ಅಂತ ಹೇಳಿ.

ಈ ಕೊನೆಯದೇ ಅವರಿಗೆ ಕಷ್ಟ ಆಯಿತು. ಮರ್ಯಾದೆ ಹೋಗುತ್ತದೆ ಅಂತ ಭಯ. ಅದು ಆ ಹುಡುಗನದ್ದು ಆಗಲೇ ಹೋಗಿದೆ ಮಾರಾಯ್ರೇ ಅಂದೆ.

ಯಜಮಾನರು “ಮೊದಲಿನಿಂದ ನಡೆದು ಬಂದದ್ದು” ಅಂತ ಗೊಣಗಿ, ಕೊನೆಗೆ ಚೀಲ ತೂಗಲು ಒಪ್ಪಿದರು. ಹುಡುಗ ತಕ್ಕಡಿಗೆ ಬಂದ. ಆದರೆ ಮೊದಲಿನ ಹಾಗೆ ಮಾತಾಡುವುದಿಲ್ಲ ಅಂತ ಇವರಿಗೆ ಬೇಸರ. ಒಂದು ವರ್ಷ ಬಾಯಿ ಮುಚ್ಚಿಸಿ ಒಂದು ವಾರದಲ್ಲಿ ಮಾತು ಕೇಳಿದರೆ ಹೇಗೆ? ತೇವಾಂಶಕ್ಕೆ ಕಳೆಯುವ ಲೆಕ್ಕ ಮಾತ್ರ ಇನ್ನೂ ಯಜಮಾನರ ಬಾಯಲ್ಲೇ ಇದೆ. ಹೊಸ ಚಾಲಿ ಬರುವ ಮೊದಲು ಅದನ್ನೂ ಬರೆಸಿ ಗೋಡೆಗೆ ಹಾಕಿಸಿ, ಬರೆಯುವಾಗ ಆ ಹುಡುಗನನ್ನೂ ಕೂರಿಸಿಕೊಳ್ಳಿ ಅಂತ ಹೇಳಿ ಕಳಿಸಿದ್ದೇನೆ.