ನೀಲಿ ಗುರಾಣಿ ಗುರುತಿಗೆ ತಡೆ ಯಾಕೆ?

ನೀಲಿ ಗುರಾಣಿ ಅಂದರೆ ಯುದ್ಧದಲ್ಲಿ ಕಾಪಾಡಬೇಕಾದ ಸಾಂಸ್ಕೃತಿಕ ಸ್ವತ್ತು ಇದು ಎಂದು ತೋರಿಸುವ ಗುರುತು. ಬಸವನಗುಡಿಯ ನಿಮ್ಮ ಓಲೆಗರಿ ಹಸ್ತಪ್ರತಿ ಭಂಡಾರದ ಚಾವಣಿಗೆ ಅದನ್ನು ಬರೆಸಬೇಡಿ ಅಂದಿದ್ದಾರೆ, ಯಾಕೆ ಎಂದು ಕೇಳಿದ್ದೀರಿ. ಬಹುಶಃ ಅನುಮತಿ ಪತ್ರ ಇಲ್ಲದ್ದಕ್ಕೆ. ಯುದ್ಧಕಾಲದಲ್ಲಿ ಇಂಥ ಸ್ವತ್ತನ್ನು ಕಾಪಾಡಲು ದೇಶಗಳು ಮಾಡಿಕೊಂಡ 1954ರ ಹೇಗ್ ಒಪ್ಪಂದದ ಪ್ರಕಾರ, ಕಟ್ಟಡಕ್ಕೆ ಆ ಗುರುತು ಹಾಕಿದರೆ ಅಧಿಕಾರಿಯ ಸಹಿ, ದಿನಾಂಕ ಇರುವ ಅನುಮತಿ ಪತ್ರವೂ ಅಲ್ಲೇ ಕಾಣುವಂತಿರಬೇಕು. ಸುಮ್ನೆ ಬರೆಸುವ ಹಾಗಿಲ್ಲ. ಮೊದಲು ರಾಜ್ಯ ಪುರಾತತ್ವ ಇಲಾಖೆಗೆ ಪತ್ರ ಬರೆಯಿರಿ. ಅದು ದೆಹಲಿಗೂ ಹೋಗಬೇಕಾಗಬಹುದು.

ಅಲ್ಲಿವರೆಗೆ ಕಾಯಬೇಡಿ. ಗುರುತು ಬಾಂಬನ್ನು ತಡೆಯುವುದಿಲ್ಲ. ಓಲೆಗರಿಗೆ ಬೆಂಕಿ, ಅದನ್ನು ಆರಿಸುವ ನೀರು, ಒಡೆದ ಗಾಜು ಇವುಗಳ ಭಯ ಜಾಸ್ತಿ. ಪ್ರತಿ ಕಟ್ಟಿನ ಫೋಟೊ, ಅಳತೆ, ಗರಿಗಳ ಎಣಿಕೆ ದಾಖಲಿಸಿ. ಪಟ್ಟಿಯ ಒಂದು ಪ್ರತಿ ಬೇರೆ ಊರಲ್ಲಿರಲಿ. ಆಮೇಲೆ ಕಟ್ಟುಗಳನ್ನು ಕಿಟಕಿ ಇಲ್ಲದ ಒಳಕೋಣೆಯಲ್ಲಿ, ನೆಲದಿಂದ ಎತ್ತರದಲ್ಲಿಡಿ. ನೆಲಮಾಳಿಗೆ ಬೇಡ, ಮಳೆನೀರು ನುಗ್ಗುತ್ತದೆ. ಮೊದಲು ಹೊರಗೆ ಒಯ್ಯಬೇಕಾದವಕ್ಕೆ ಕೆಂಪು ದಾರ ಕಟ್ಟಿ, ಕೀಲಿ ಇಬ್ಬರ ಬಳಿ ಇರಲಿ.